ಉಣ್ಣು ನನ್ನಪ್ಪ

ಆ ಮನೆಯಲ್ಲಿ ಸತ್ತವನು ದಿನಕ್ಕೆ ಎರಡು ಹೊತ್ತು ಮಾತಾಡುತ್ತಿದ್ದ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ನಾಯಿಯ ಊಟದ ಹೊತ್ತಿಗೆ.

ಸೊಸೆ ಅಡುಗೆಮನೆಯ ಬಾಗಿಲ ಬಳಿ ಬಟ್ಟಲಿಟ್ಟು, ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಮೊಬೈಲನ್ನು ನೆಲಕ್ಕೆ ಹತ್ತಿರ ಹಿಡಿಯುವಳು. ಮೊದಲು ಕಬ್ಬಿಣಕ್ಕೆ ಕಬ್ಬಿಣ ತಾಕಿದ ಸದ್ದು. ಯಾರೋ ದೂರದಿಂದ ಕೂಗುವುದು, "ಬಾಗಿಲು ಬಿಡಪ್ಪಾ!" ಆಮೇಲೆ ಅವನ ದನಿ, ನಗು ತಡೆದುಕೊಂಡದ್ದು. "ಏನ್ ಮೇಷ್ಟ್ರೇ, ಇವತ್ತೂ ನಾನು ಲೇಟು. ಮೂತಿ ಊದಿಸ್ಕೋಬೇಡಿ. ಕೂತ್ಕೊಳ್ಳಿ. ಕೂತ್ರಾ?" ಒಂದು ಉಸಿರಿನಷ್ಟು ಬಿಡುವು. ಅಲ್ಲಿಂದ ದನಿ ಮೆತ್ತಗಾಗುತ್ತಿತ್ತು. "ಹೂಂ... ಉಣ್ಣು ನನ್ನಪ್ಪ. ಆರೋಗತ್ತೆ."

ಅವನು ಲಿಫ್ಟ್ ರಿಪೇರಿಯವನು. ದೊಡ್ಡ ಕಟ್ಟಡಗಳ ನೆತ್ತಿಯ ಮೋಟಾರು ಕೋಣೆಯಲ್ಲಿ ಅವನ ಕೆಲಸ. ಯಾರಾದರೂ ಮಹಡಿಗಳ ನಡುವೆ ಸಿಕ್ಕಿಕೊಂಡರೆ ಊಟ ಬಿಟ್ಟು ಓಡಬೇಕು. ಹಾಗೆ ತಡವಾದ ಒಂದು ಸಂಜೆ ನಾಯಿಗೆ ಕೇಳಿಸಲೆಂದು ಹೆಂಡತಿಯ ಮೊಬೈಲಿಗೆ ರೆಕಾರ್ಡ್ ಮಾಡಿ ಕಳಿಸಿದ್ದ ಮಾತು ಅದು. ಅಂಥದ್ದೇ ಒಂದು ಮೋಟಾರು ಕೋಣೆಯಲ್ಲಿ, ಕೈಯಲ್ಲಿ ಸ್ಪ್ಯಾನರು ಹಿಡಿದಂತೆಯೇ, ಅವನ ಎದೆ ನಿಂತುಹೋಯಿತು. ವಯಸ್ಸು ಎದೆ ನಿಲ್ಲುವಂಥದ್ದಲ್ಲ ಎಂದು ಬಂದವರೆಲ್ಲ ಹೇಳಿದರು, ಹಾಗೆ ಹೇಳಿದರೆ ಏನೋ ಸರಿಹೋಗುತ್ತದೆ ಎಂಬಂತೆ.

ನಾಯಿಯ ಕಣ್ಣಿನ ಸುತ್ತ ಕಂದು ಬಳೆಗಳಿದ್ದವು. ಕನ್ನಡಕ ಏರಿಸಿಕೊಂಡು ತಪ್ಪು ಹುಡುಕುವ ಮುಖ. ಮರಿಯಾಗಿ ಮನೆಗೆ ಬಂದ ದಿನವೇ ಅದಕ್ಕೆ ಮೇಷ್ಟ್ರು ಎಂದು ಹೆಸರಾಯಿತು. "ಮೇಷ್ಟ್ರಿಗೆ ಏಕವಚನ ಬೇಡ, ಒಳ್ಳೇದಾಗಲ್ಲ" ಎಂದು ಅತ್ತೆ ತಾಕೀತು ಮಾಡಿದ್ದರಿಂದ ಮೂವರೂ ಅದನ್ನು ಬಹುವಚನದಲ್ಲೇ ಗದರಿಸುತ್ತಿದ್ದರು. ಚಪ್ಪಲಿ ಕಡಿದಾಗಲೂ "ಇದೇನ್ರೀ ಇದು?" ಎಂದೇ.

ಮೇಷ್ಟ್ರಿಗಿಂತ ಮೊದಲು ಇನ್ನೊಂದು ನಾಯಿ ಇತ್ತು. ಯಾರೋ ಬೀದಿಯಲ್ಲಿ ಎಸೆದಿದ್ದ ವಿಷದ ಮಾಂಸ ತಿಂದು ಅವನ ತೊಡೆಯ ಮೇಲೆ ಸತ್ತಿತು. ಅದಕ್ಕೇ ಈ ಮರಿಗೆ ಅವನು ಒಂದು ವಿದ್ಯೆಯನ್ನು ಜಿದ್ದಿಗೆ ಬಿದ್ದು ಕಲಿಸಿದ. ಮುಂದೆ ಏನೇ ಬಿದ್ದಿರಲಿ, ತಾನು ಹೂಂ ಅನ್ನುವವರೆಗೆ ಮೂತಿ ತಾಕಿಸಕೂಡದು. ಮರಿ ಕಲಿಯಿತು. ಹೇಳಿಕೊಟ್ಟದ್ದಕ್ಕಿಂತ ಹೆಚ್ಚೇ ಕಲಿಯಿತು. ಬೇರೆ ಯಾರ ಹೂಂಗೂ ಅದು ಬಾಯಿ ತೆರೆಯಲಿಲ್ಲ.

ಅವನು ಹೋದ ಮೇಲೆ ಬಟ್ಟಲು ಇಟ್ಟಲ್ಲೇ ಒಣಗಿತು. ಸೊಸೆ ಕೈಯಲ್ಲಿ ತಿನ್ನಿಸಲು ನೋಡಿದಳು, ಗದರಿದಳು, ಅತ್ತಳು. ನಾಯಿ ಜೊಲ್ಲು ಸುರಿಸುತ್ತಾ ಅವಳ ಮುಖವನ್ನೇ ನೋಡುತ್ತಾ ಕೂತಿತ್ತು. ಪಕ್ಕೆಲುಬು ಕಾಣತೊಡಗಿದಾಗ, ಬೇರೆ ದಾರಿ ತೋಚದೆ, ತಾನೇ ಕೇಳಲು ಧೈರ್ಯವಿಲ್ಲದೆ ಮುಚ್ಚಿಟ್ಟಿದ್ದ ಆ ಮಾತನ್ನು ಹಾಕಿದಳು. ಉಣ್ಣು ನನ್ನಪ್ಪ ಎಂದದ್ದೇ ತಡ, ನಾಯಿ ಬಟ್ಟಲಿಗೆ ಬಿತ್ತು.

ಅವತ್ತು ಅಡುಗೆಮನೆಯ ಪರದೆಯ ಹಿಂದಿನಿಂದ ಒದ್ದೆ ಕೈಯ ಅತ್ತೆ ಇಣುಕಿದರು. ಮರುದಿನ ಅದೇ ಹೊತ್ತಿಗೆ ಅದೇ ಪರದೆಯ ಕೆಳಗೆ ಅವರ ಪಾದಗಳು ಕಂಡವು. ಅದರ ಮರುದಿನವೂ. ಇಬ್ಬರೂ ಅದರ ಮಾತೆತ್ತಲಿಲ್ಲ. ಸೊಸೆಗೆ ಕೆಲಸದಿಂದ ಬರುವುದು ತಡವಾದರೆ ಅತ್ತೆ ಬಾಗಿಲಲ್ಲೇ ನಿಂತಿರುತ್ತಿದ್ದರು. "ಪಾಪ, ಮೇಷ್ಟ್ರಿಗೆ ಹಸಿವು" ಎನ್ನುತ್ತಿದ್ದರು.

ಆಮೇಲೆ ನಾಯಿ ಹುಡುಕತೊಡಗಿತು. ದನಿ ಕೇಳಿದೊಡನೆ ಬಟ್ಟಲು ಬಿಟ್ಟು ತಾರಸಿಯ ಮೆಟ್ಟಿಲಿಗೆ ಓಡುವುದು, ಬೀರುವಿನ ಬಾಗಿಲು ಕೆರೆಯುವುದು, ಮಂಚದಡಿ ತೂರಿ ಮೂಸುವುದು. ಬರುಬರುತ್ತಾ ದನಿ ಹಾಕದಾಗಲೂ ಹಾಗೇ. ಸುಮ್ಮನೆ ಮಲಗಿದ್ದದ್ದು ತಟ್ಟನೆ ಕಿವಿ ನಿಮಿರಿಸಿ, ಬಾಲ ಅಲ್ಲಾಡಿಸುತ್ತಾ ಮೆಟ್ಟಿಲ ಬುಡಕ್ಕೆ ಹೋಗಿ ನಿಲ್ಲುತ್ತಿತ್ತು, ಯಾರೋ ಇಳಿದು ಬರುತ್ತಿರುವಂತೆ. ಅದು ನಿಂತರೆ ಅತ್ತೆಯೂ ಕೈಯಲ್ಲಿದ್ದ ಕೆಲಸ ನಿಲ್ಲಿಸುತ್ತಿದ್ದರು.

ಇದು ಸೊಸೆಗೆ ಹೊಸದಲ್ಲ. ಅವಳಿಗೆ ಕಿವಿ ಪರೀಕ್ಷೆಯ ಕೇಂದ್ರದಲ್ಲಿ ಕೆಲಸ. ಗಾಜಿನ ಕಿಟಕಿಯ ಪುಟ್ಟ ಕೋಣೆಯೊಳಗೆ ಜನರನ್ನು ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, "ಎಷ್ಟೇ ಸಣ್ಣಗೆ ಕೇಳಿಸಿದ್ರೂ ಗುಂಡಿ ಒತ್ತಿ" ಎನ್ನಬೇಕು. ಕೆಲವರು ಸದ್ದೇ ಇಲ್ಲದಾಗಲೂ ಒತ್ತುತ್ತಾರೆ. ಸುಳ್ಳು ಹೇಳಬೇಕೆಂದಲ್ಲ. ಕಾದು ಕಾದು ಕಿವಿ ತಾನೇ ಒಂದು ಸದ್ದು ಹುಟ್ಟಿಸಿಕೊಂಡಿರುತ್ತದೆ.

ಪ್ರಾಣಿ ಡಾಕ್ಟರು ಎಲ್ಲ ಮುಟ್ಟಿ ನೋಡಿ ರೋಗವಿಲ್ಲ ಎಂದರು. ನಾಯಿ ಮತ್ತೆ ಸೊರಗುತ್ತಿತ್ತು. ಹೀಗೇ ಬಿಟ್ಟರೆ ಅವನ ಕೈಯಲ್ಲಿ ಬೆಳೆದ ಈ ಒಂದು ಜೀವವೂ ತನ್ನ ಕಣ್ಣೆದುರೇ ಹೋಗುತ್ತದೆ ಎಂದು ಅವಳಿಗೆ ಗೊತ್ತಾಯಿತು. ಅವನು ಮರಿ ತಂದದ್ದು ಊರಾಚೆಯ ನಾಯಿಗಳ ಆಶ್ರಯದಿಂದ. ತರುವಾಗ ಅಲ್ಲಿ ಮಾತು ಕೊಟ್ಟಿದ್ದ. ಸಾಕುವುದಕ್ಕೆ ಆಗದೆ ಹೋದರೆ ಬೀದಿಗೆ ಬಿಡುವುದಿಲ್ಲ, ಯಾರಿಗೋ ದಾಟಿಸುವುದಿಲ್ಲ, ಇಲ್ಲಿಗೇ ತರುತ್ತೇನೆ ಎಂದು.

"ವಾಪಸ್ ಕೊಡ್ತೀಯಾ?" ಎಂದರು ಅತ್ತೆ. "ಕುರ್ಚಿ ಮೇಜು ಕೊಟ್ಟ ಹಾಗೆ?"

"ಕೇಳೋಣ ಅತ್ತೆ. ಅವರು ಏನಂತಾರೋ ಕೇಳೋಣ."

"ಅವನೂ ಇಲ್ಲ, ಇದೂ ಇಲ್ಲ ಅಂದ್ರೆ, ಈ ಮನೇಲಿ..." ಅತ್ತೆ ಸೆರಗು ಸರಿಪಡಿಸಿಕೊಂಡರು. "ನಾನೂ ಬರ್ತೀನಿ."

ಆಶ್ರಯದಲ್ಲಿ ಉದ್ದಕ್ಕೆ ಎರಡು ಸಾಲು ಗೂಡುಗಳಿದ್ದವು. ಕಾರು ಗೇಟಿನೊಳಗೆ ಬರುತ್ತಿದ್ದಂತೆ ಬೊಗಳುವಿಕೆ ನಿಂತುಹೋಯಿತು. ಅಷ್ಟೂ ನಾಯಿಗಳು ಕಿವಿ ಎತ್ತಿ ನೋಡಿದವು. ಇಳಿದವರು ತಮ್ಮವರಲ್ಲ ಎಂದು ತಿಳಿದ ಮೇಲೆ ಒಂದೊಂದೇ ಮತ್ತೆ ಶುರುಮಾಡಿದವು. ಮೂಲೆಯ ಗೂಡಿನ ಮುದಿ ನಾಯಿಯೊಂದು ಮಾತ್ರ ಬೊಗಳಲಿಲ್ಲ, ಗೇಟಿನಿಂದ ಕಣ್ಣನ್ನೂ ಕೀಳಲಿಲ್ಲ.

ಆಶ್ರಯ ನಡೆಸುವವಳು ಮೊಣಕಾಲುದ್ದದ ರಬ್ಬರ್ ಬೂಟಿನಲ್ಲಿ, ಪೈಪಿನಿಂದ ನೆಲ ತೊಳೆಯುತ್ತಾ ಬಂದಳು. ಅತ್ತೆ ಅಲ್ಲೇ ಅವಳಿಗೆ ಬೂಟಮ್ಮ ಎಂದು ಹೆಸರಿಟ್ಟುಬಿಟ್ಟರು. ಬೂಟಮ್ಮನಿಗೆ ಅವನು ಚೆನ್ನಾಗಿ ಗೊತ್ತಿದ್ದ. ಗೇಟಿನ ಚಿಲಕ ಸರಿಮಾಡಿಕೊಟ್ಟವನು, ಚಳಿ ಬರುವ ಮೊದಲು ಮನೆಯ ಹಳೇ ಹೊದಿಕೆಗಳನ್ನೆಲ್ಲ ತಂದು ಸುರಿಯುತ್ತಿದ್ದವನು.

"ಓಹೋ, ನಮ್ಮ ದುಪ್ಪಟಿ ಕಳ್ಳ ಸಿಕ್ಕಿದ ಹಾಗಾಯ್ತು" ಎಂದರು ಅತ್ತೆ, ನಗದೆ.

ಅವನು ಇಲ್ಲವೆಂದು ಕೇಳಿ ಬೂಟಮ್ಮ ಪೈಪನ್ನು ಕೆಳಗೆ ಬಿಟ್ಟಳು. ನೀರು ಹರಿದುಹೋಗುತ್ತಿತ್ತು. ಆಮೇಲೆ ನಲ್ಲಿ ತಿರುಗಿಸಿ, "ಹೇಗೆ ಉಣಿಸ್ತೀರಿ, ಒಂದ್ಸಲ ತೋರ್ಸಮ್ಮ" ಎಂದಳು.

ಸೊಸೆ ಬಟ್ಟಲಿಟ್ಟು ದನಿ ಹಾಕಿದಳು. ನಾಯಿ ಬಟ್ಟಲು ಹಾಯ್ದು ಆಫೀಸಿನ ಕೋಣೆಗೆ ನುಗ್ಗಿತು, ಮೇಜಿನಡಿ ನೋಡಿತು, ಗೇಟಿಗೆ ಓಡಿ ಸರಳಿನ ನಡುವೆ ಮೂತಿ ತೂರಿಸಿ ಕುಂಯ್‌ಗುಟ್ಟಿತು.

"ದಿನಾ ಹೀಗೇನಾ?"

"ದಿನಾ."

"ಅಲ್ಲಮ್ಮ, ದಿನಾ ಕರೀತೀರಿ. ಅವನು ಬರೋದೇ ಇಲ್ಲ. ಅದೇನು ದಡ್ಡ ಪ್ರಾಣಿನಾ? ಮನೆಯೊಳಗೇ ಎಲ್ಲೋ ಇದ್ದಾನೆ, ತನಗೆ ಮುಖ ತೋರಿಸ್ತಿಲ್ಲ ಅಂದ್ಕೊಂಡಿದೆ." ಬೂಟಮ್ಮ ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡಳು. "ನಾನು ಅವತ್ತೇ ಬಡ್ಕೊಂಡೆ. ಒಬ್ಬನ ಮಾತಿಗೇ ಉಣ್ಣೋದು ಕಲಿಸ್ಬೇಡ ಮಾರಾಯ, ಮನೆಯವರೆಲ್ಲರ ಮಾತಿಗೂ ಕಲಿಸು ಅಂತ. ನಕ್ಕ. ನಾನೆಲ್ಲಿ ಹೋಗ್ತೀನಿ ಅಂದ."

ಬೂಟಮ್ಮ ಗೇಟಿಗೆ ಹೋಗಿ ನಾಯಿಯ ಕೊರಳಪಟ್ಟಿ ಹಿಡಿದು ಹಿಂದಕ್ಕೆ ಕರೆತಂದಳು.

"ಬಿಟ್ಟು ಹೋಗಿ. ಬೇರೆ ಮನೆಗೆ ಕೊಡೋದೋ ಬೇಡವೋ ಅದು ಆಮೇಲಿನ ಮಾತು. ಮೊದಲು ಬದುಕಿರೋರ ಮಾತಿಗೆ ಉಣ್ಣೋದು ಕಲೀಲಿ. ಆ ದನಿ ಮಾತ್ರ ಇನ್ನು ಬೇಡ. ಇಲ್ಲೂ ಬೇಡ, ಮನೆಗೆ ಬಂದ ಮೇಲೂ ಬೇಡ."

ಅತ್ತೆ ಸೊಸೆಯ ಮೊಬೈಲನ್ನೇ ನೋಡಿದರು, ಅದನ್ನು ಯಾರೋ ಕಿತ್ತುಕೊಳ್ಳುತ್ತಾರೆ ಎಂಬಂತೆ.

ನಾಯಿಯನ್ನು ಅಲ್ಲೇ ಬಿಟ್ಟು ಬಂದ ಆ ಸಂಜೆ, ಅದರ ಊಟದ ಹೊತ್ತಿಗೆ, ಸೊಸೆಯ ಕಾಲು ತಾನಾಗಿ ಅಡುಗೆಮನೆಯ ಬಾಗಿಲಿಗೆ ಬಂತು. ಬಟ್ಟಲು ಖಾಲಿ. ಪರದೆಯ ಕೆಳಗೆ ಪಾದಗಳು.

"ಹಾಕೇ" ಎಂದಿತು ಪರದೆ.

"ಬೇಡ ಅಂದ್ರಲ್ಲ ಅತ್ತೆ."

"ನಾಯಿಗೆ ಬೇಡ ಅಂದ್ಲು. ನನಗಲ್ಲ."

ಸೊಸೆ ಹಾಕಿದಳು. ಕಬ್ಬಿಣದ ಸದ್ದು. ಬಾಗಿಲು ಬಿಡಪ್ಪಾ. ಏನ್ ಮೇಷ್ಟ್ರೇ, ಇವತ್ತೂ ನಾನು ಲೇಟು. ಅತ್ತೆ ಪರದೆ ಸರಿಸಿ ಹೊರಗೆ ಬಂದರು. ಕೂತ್ಕೊಳ್ಳಿ, ಎಂದ ಅವನು. ಅವರು ಗೋಡೆ ಹಿಡಿದು, ನೋವಿನ ಮಂಡಿ ಮಡಿಸಿ, ಖಾಲಿ ಬಟ್ಟಲಿನ ಮುಂದೆ ಮೆಲ್ಲಗೆ ಕೂತರು. ಕೂತ್ರಾ? ಎಂದ. ಅವರು ತಲೆಯಾಡಿಸಿದರು.

"ಹೂಂ... ಉಣ್ಣು ನನ್ನಪ್ಪ. ಆರೋಗತ್ತೆ."

ಸೊಸೆ ಮೊಬೈಲು ಕೆಳಗಿಟ್ಟಳು. ಮನೆಯಲ್ಲಿ ಇನ್ನೂ ಒಂದು ಜೀವ ಇದೇ ದನಿಗೆ ಸೊರಗುತ್ತಿರುವುದನ್ನು ತಾನು ನೋಡಿಯೂ ನೋಡಿರಲಿಲ್ಲ.

ಅತ್ತೆ ಬಟ್ಟಲನ್ನು ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ, ಕಳೆದುಹೋದ ಸಾಮಾನು ಅಕ್ಕಪಕ್ಕದವರ ಮನೆಯಲ್ಲಿ ಕಂಡವರ ಹಾಗೆ, "ಇದು ನಂದು" ಎಂದರು.

"ಏನತ್ತೆ?"

"ಈ ಮಾತು. ಈ ರಾಗ. ಚಿಕ್ಕೋನಿದ್ದಾಗ ಉಣ್ಣೋಕೆ ಬಹಳ ಸತಾಯಿಸ್ತಿದ್ದ. ಬಾಯಲ್ಲಿ ತುತ್ತು ಇಟ್ಕೊಂಡು ಗೋಡೆ ನೋಡೋನು. ಆಗ ಹೀಗೇ ಅಂತಿದ್ದೆ. ಹೂಂ ಅಂತ ಎಳೆದು, ಆಮೇಲೆ ಮೆತ್ತಗೆ. ಇಷ್ಟು ದಿನ ಪರದೆ ಹಿಂದೆ ನಿಂತು ಅವನನ್ನ ಕೇಳಿಸ್ಕೊಂಡೆ. ನನ್ನನ್ನೇ ಕೇಳಿಸ್ಕೊಂಡಿರ್ಲಿಲ್ಲ ನೋಡು."

ಎರಡು ದಿನ ಕಳೆದ ಮೇಲೆ ಬೂಟಮ್ಮ ಫೋನ್ ಮಾಡಿದಳು. ನಾಯಿ ನೀರು ಬಿಟ್ಟು ಏನೂ ಮುಟ್ಟುತ್ತಿಲ್ಲ. ತಾನು ಹೇಳಿದ್ದಾಯಿತು, ಬೇಡಿದ್ದಾಯಿತು, ಬೈದದ್ದೂ ಆಯಿತು. ಇನ್ನು ತಡಮಾಡಿದರೆ ಡ್ರಿಪ್ ಹಾಕಿಸಬೇಕಾಗುತ್ತದೆ.

ಅವರು ಹೋದಾಗ ಮೇಷ್ಟ್ರು ಗೂಡಿನ ಮೂಲೆಯಲ್ಲಿ ಮುಖ ಆ ಕಡೆ ಮಾಡಿ ಮಲಗಿತ್ತು. ಸೊಸೆ ಒಳಗೆ ಹೋಗಿ, ಬಟ್ಟಲು ಸರಿಸಿ, ಗಂಡನ ದನಿಯನ್ನು ಆದಷ್ಟೂ ಹತ್ತಿರದಿಂದ ಅನುಕರಿಸಿ, "ಹೂಂ" ಎಂದಳು. ಸದ್ದುಗಳನ್ನು ಅಳೆಯುವುದೇ ಅವಳ ಕೆಲಸ. ಆದರೂ ನಾಯಿ ಒಂದು ಕಿವಿಯನ್ನಷ್ಟೇ ಅಲ್ಲಾಡಿಸಿ ಸುಮ್ಮನಾಯಿತು.

"ಏಳು, ಜಾಗ ಬಿಡು" ಎಂದರು ಅತ್ತೆ. "ಬೂಟಮ್ಮ, ಒಂದು ಮಣೆನೋ ಏನೋ ಕೊಡ್ತೀರಾ? ಈ ಮಂಡಿ ಹಾಳಾಗ ನನ್ನ ಮಾತು ಕೇಳಲ್ಲ."

"ಯಾರಮ್ಮ ಬೂಟಮ್ಮ?"

"ನೀವೇ. ಕೊಡಿ ಬೇಗ."

ಬೂಟಮ್ಮ ಬೋರಲಿಟ್ಟ ಬಕೆಟ್ಟಿನ ಮೇಲೆ ಅವರು ಕೂತರು. ನಾಯಿಯನ್ನು ಕರೆಯಲಿಲ್ಲ. ಬಟ್ಟಲಿನೊಳಗೆ ಬೆರಳಾಡಿಸಿ ಕಲಸಿದರು, ಚೂರು ಚೂರು ಮಾಡಿದರು, ಒಂದು ಕಡೆ ಕೂಡಿಸಿದರು. ಕಣ್ಣು ಮಾತ್ರ ಎದುರು ಗೋಡೆಯ ಕಡೆ, ಅಲ್ಲಿ ಯಾರೋ ಚಿಕ್ಕವನು ಬಾಯಿ ಬಿಗಿದು ನಿಂತಿರುವಂತೆ.

"ಹೂಂ..." ಎಂದರು. ಮುದಿ ದನಿ, ನಡುಗುವ ದನಿ. ಅವನದಕ್ಕೂ ಅದಕ್ಕೂ ಸಂಬಂಧವಿರಲಿಲ್ಲ, ಎಳೆತವೊಂದನ್ನು ಬಿಟ್ಟು. "ಉಣ್ಣು ನನ್ನಪ್ಪ. ಆರೋಗತ್ತೆ."

ನಾಯಿ ತಿರುಗಿತು. ಮೊದಲು ಗೇಟನ್ನು ನೋಡಿತು. ಆಮೇಲೆ ಆ ಮಾತು ಬಂದ ಬಾಯನ್ನು ನೋಡಿತು. ಅಲ್ಲಿ ಬಾಯಿತ್ತು, ಮುಖವಿತ್ತು, ಮೂಸಿದರೆ ಕೈಯ ವಾಸನೆಯಿತ್ತು. ಮನೆಯೆಲ್ಲ ಹುಡುಕಿದರೂ ಸಿಗದಿದ್ದದ್ದು ಅದೇ. ಎದ್ದು ಬಂದು ಬಟ್ಟಲಿಗೆ ಮೂತಿಯಿಟ್ಟಿತು.

"ನಿಧಾನ, ನಿಧಾನ ಮೇಷ್ಟ್ರೇ. ಯಾರೂ ಕಿತ್ಕೊಳ್ಳಲ್ಲ" ಎಂದರು ಅತ್ತೆ. ಅವರ ಕೆನ್ನೆ ಒದ್ದೆಯಾಗಿತ್ತು. ಸೊಸೆ ಹೊರಗೆ ನಿಂತು ಸರಳನ್ನು ಬಿಗಿಯಾಗಿ ಹಿಡಿದಿದ್ದಳು. ಅಳು ಬರುತ್ತದೇನೋ ಎಂದು ಕಾದಳು. ಬರಲಿಲ್ಲ. ಕೈ ಮಾತ್ರ ಸಡಿಲವಾಯಿತು.

"ಇನ್ನು ಯಾವ ಮನೆಗಾದ್ರೂ ಕೊಡಬಹುದು" ಎಂದಳು ಬೂಟಮ್ಮ. "ಒಬ್ಬರ ಮಾತಿಗೆ ಒಗ್ಗಿದ್ದು ಇನ್ನೊಬ್ಬರದಕ್ಕೂ ಒಗ್ಗತ್ತೆ."

"ಯಾರಿಗ್ರೀ ಕೊಡೋದು?" ಅತ್ತೆ ತಿರುಗಿ ಕೂತರು. "ಮಗನ ಹೊದಿಕೆ ಇಸ್ಕೊಂಡಿದ್ದು ಸಾಲ್ದೇನ್ರೀ?"

ಕಾರಿನಲ್ಲಿ, ನಾಯಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಅವರು ಮೊಬೈಲಿನ ಮಾತೆತ್ತಿದರು. "ಅದನ್ನ ಅಳಿಸ್ಬೇಡ. ಹಾಕ್ಲೂ ಬೇಡ. ನಾನು ಕೇಳಿದ್ರೂ ಹಾಕ್ಬೇಡ."

"ನಾನು ಕೇಳಿದ್ರೆ?"

"ನನ್ನನ್ನ ಕರಿ."

ಈಗ ಎರಡು ಹೊತ್ತೂ ಅತ್ತೆಯೇ ಉಣಿಸುತ್ತಾರೆ. ಪಕ್ಕದಲ್ಲಿ ಸೊಸೆಯನ್ನೂ ಕೂರಿಸಿಕೊಂಡು ಹೇಳಿಸುತ್ತಾರೆ. "ಎಳಿಯೇ, ಇನ್ನೂ ಎಳಿ. ಆಫೀಸಲ್ಲಿ ಗುಂಡಿ ಒತ್ತಿ ಅಂದ ಹಾಗಲ್ಲ." ಹೂಂ ಎಂದೊಡನೆ ನಾಯಿಯ ಒಂದು ಕಿವಿ ಮೆಟ್ಟಿಲ ಕಡೆ ಎದ್ದೇ ಏಳುತ್ತದೆ. ಆಮೇಲೆ ಅದು ತಲೆ ಬಗ್ಗಿಸಿ ಉಣ್ಣುತ್ತದೆ.

ರಜೆಯ ದಿನ ಇಬ್ಬರೂ ಮೇಷ್ಟ್ರನ್ನೂ ಕರೆದುಕೊಂಡು ಆಶ್ರಯಕ್ಕೆ ಹೋಗುತ್ತಾರೆ. ಸೊಸೆ ಗೂಡು ತೊಳೆಯುತ್ತಾಳೆ. ಅವನ ಮಂಚದ ಹೊದಿಕೆಗಳು ಒಂದೊಂದಾಗಿ ಅಲ್ಲಿಗೆ ಹೋಗಿ ಸೇರಿವೆ. ಅತ್ತೆ ಬಕೆಟ್ಟು ಬೋರಲಿಟ್ಟು ಮೂಲೆಯ ಮುದಿ ನಾಯಿಯ ಮುಂದೆ ಕೂರುತ್ತಾರೆ. ಒಬ್ಬಂಟಿ ಹೆಂಗಸೊಬ್ಬಳು ತೀರಿಕೊಂಡ ಮನೆಯಿಂದ ಬಂದದ್ದು ಅದು. ಬದುಕುವಷ್ಟು ಮಾತ್ರ ತಿನ್ನುತ್ತದೆ.

"ಇವನ ಯಜಮಾನಿ ಏನಂತ ಕರೀತಿದ್ಲು?"

"ಯಾರಿಗೂ ಗೊತ್ತಿಲ್ಲ ಅಮ್ಮ. ಕೇಳೋಣ ಅಂದ್ರೆ ಆ ಮನೇಲಿ ಯಾರೂ ಇರ್ಲಿಲ್ಲ" ಎನ್ನುತ್ತಾಳೆ ಬೂಟಮ್ಮ.

ಅತ್ತೆ ಒಂದೊಂದೇ ಹೇಳಿ ನೋಡುತ್ತಾರೆ. ಬಾರೋ ಮರಿ. ಚಿನ್ನ. ಬಂಗಾರ. ಏಳೋ ಸೋಮಾರಿ. ಲೋಕದಲ್ಲಿ ಯಾವ ತಾಯಿ ಯಾವ ಮಗುವಿಗೆ ಏನೆಲ್ಲ ಅಂದಿರಬಹುದೋ ಅದನ್ನೆಲ್ಲ. ಅಷ್ಟರಲ್ಲಿ ರಸ್ತೆಯಲ್ಲಿ ಯಾವುದೋ ಕಾರಿನ ಸದ್ದಾಗುತ್ತದೆ. ಎರಡೂ ಸಾಲು ಕಿವಿ ಎತ್ತುತ್ತವೆ. ಮೇಷ್ಟ್ರೂ ಎತ್ತುತ್ತದೆ. ಪೊರಕೆ ಹಿಡಿದ ಸೊಸೆ, ಬಕೆಟ್ಟಿನ ಮೇಲಿನ ಅತ್ತೆ, ಇಬ್ಬರೂ ಗೇಟಿನ ಕಡೆ ನೋಡುತ್ತಾರೆ.

ಕಾರು ನಿಲ್ಲದೆ ಮುಂದೆ ಹೋಗುತ್ತದೆ.

"ಹೂಂ..." ಎನ್ನುತ್ತಾರೆ ಅತ್ತೆ, ಮುದಿ ನಾಯಿಯ ಕಡೆ ತಿರುಗಿ, ಮತ್ತೊಂದು ಹೆಸರು ಹುಡುಕುತ್ತಾ.