ಕಾಸು ಕೊಟ್ಟು ಕೊಂಡ ಶಂಖ

"ನಿಮ್ಮಪ್ಪನ್ನ ಕಳಿಸಕೆ ಶಂಖ ಯಾಕ್ಲಾ ಬೇಕು? ಆ ಫೋನ್ನೇ ಎದೆ ಮ್ಯಾಲ್ ಮಡಗಿ ಗುಂಡಿ ಒತ್ಬುಡು. ಅದೇ ಊದ್ಕತದೆ."

ಹೆಣ ಮೀಯಿಸಲು ನೀರು ಹೊತ್ತು ತರುತ್ತಿದ್ದ ಮನೋಹರ ಅಂಗಳದ ನಡುವೆ ನಿಂತುಬಿಟ್ಟ. ಹೆಗಲ ಮೇಲಿನ ಬಿಂದಿಗೆ ತುಳುಕಿ ಬೆನ್ನೆಲ್ಲ ಒದ್ದೆಯಾಯಿತು. ಮಾತಾಡಿದವನು ರಾಮಲಿಂಗಯ್ಯ. ಮೆಲ್ಲಗೇನೂ ಆಡಿರಲಿಲ್ಲ. ಶಾಮಿಯಾನದ ಕೆಳಗೆ ಕೂತಿದ್ದ ಊರ ಗಂಡಸರಿಗೂ, ಒಳಗೆ ಹೆಣದ ಸುತ್ತ ಕೂತು ಅಳುತ್ತಿದ್ದ ಹೆಂಗಸರಿಗೂ ಕೇಳಲೆಂದೇ ಆಡಿದ್ದ. ಯಾರೋ ಹುಡುಗ ಕಿಸಕ್ಕೆಂದು ನಕ್ಕು, ನಕ್ಕಿದ್ದನ್ನು ಕೆಮ್ಮಿನಲ್ಲಿ ಮುಚ್ಚಿಕೊಂಡ.

ಬಿಡದಿ ಕಡೆಯ ಕಾರ್ಖಾನೆಗಳಿಗೆ ಜಮೀನು ಕೊಡಿಸಿ ಕೊಡಿಸಿ ರಾಮಲಿಂಗಯ್ಯ ದೊಡ್ಡ ಮನುಷ್ಯನಾಗಿದ್ದ. ಸಾವಿನ ಮನೆಗೂ ಇಸ್ತ್ರಿ ಮುರಿಯದ ಬಿಳಿ ಅಂಗಿಯಲ್ಲೇ ಬರುತ್ತಿದ್ದ. ಅವನು ಜಗಲಿಯ ಕಡೆಗೆ ತಿರುಗಿದ. ಅಲ್ಲಿ ವಿರೂಪಾಕ್ಷಿಪುರದ ದಾಸಯ್ಯ ಲಿಂಗಯ್ಯ, ಕೆಂಪು ವಸ್ತ್ರ ಸುತ್ತಿದ ಶಂಖವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಬೆಳಗ್ಗೆ ಮನೋಹರ ಫೋನು ಮಾಡಿದ್ದೇ ತಡ, ಟಿವಿಎಸ್ ಗಾಡಿ ಹತ್ತಿ ಬಂದಿದ್ದ.

"ಲಿಂಗಯ್ಯ, ನಮ್ಮವ್ವನ್ನ ಶಂಖ ಇಲ್ದೆ ಕಳಿಸ್ದೋನು ಒಳಗ್ ಮಲಗವ್ನೆ. ಅವನಿಗೆ ನೀನು ಊದಿದ್ರೆ ಇನ್ನು ನಮ್ಮ ಕಡೆ ಯಾವ ಮನೆ ಬಾಗಿಲಿಗೂ ಬರಬ್ಯಾಡ."

ವಸ್ತ್ರದ ಗಂಟು ಬಿಚ್ಚುತ್ತಿದ್ದ ಲಿಂಗಯ್ಯನ ಬೆರಳು ನಿಂತವು.

ಈ ಸೀಮೆಯ ಒಕ್ಕಲು ಮನೆಗಳಲ್ಲಿ ದಾಸಯ್ಯ ಬಂದು ಶಂಖ ಊದಿ ಜಾಗಟೆ ಬಡಿಯದೆ ಹೆಣ ಹೊಸ್ತಿಲು ದಾಟುವುದಿಲ್ಲ. ದಾರಿ ನಡುವೆ ಚಟ್ಟ ಇಳಿಸಿದಾಗ ಒಮ್ಮೆ, ಹೂಳುವ ಗುಂಡಿಯ ಮುಂದೆ ಒಮ್ಮೆ ಶಂಖದ ಸದ್ದು ಬೇಕೇ ಬೇಕು. ಇಲ್ಲವಾದರೆ ಹೋದವರಿಗೆ ದಾರಿ ಸಿಗದು ಅನ್ನುತ್ತಾರೆ. ಊರಿನಲ್ಲಿ ಇಷ್ಟು ಕಾಲ ಹೋದವರಿಗೆಲ್ಲ ದಾರಿ ತೋರಿಸಿದವನೇ ಈಗ ಒಳಗೆ ಚಾಪೆಯ ಮೇಲಿದ್ದ ದೊಡ್ಡಹನುಮಯ್ಯ. ಅವನ ಹೆಂಡತಿ ಸಿದ್ದಮ್ಮ ಬೆಳಗಿನಿಂದ ಮಗ ಮನೋಹರನಿಗೆ ಹೇಳುತ್ತಿದ್ದುದು ಒಂದೇ ಮಾತು. ಊರ್ನೋರ್ಗೆಲ್ಲ ಊದ್ದೋರು ಮಗ, ಅವರ್ನ ಮೂಕಬಸವನಂಗೆ ಕಳಿಸ್ಬ್ಯಾಡ.

ಮನೋಹರ ಬಿಂದಿಗೆ ಇಳಿಸಿದ. ಇನ್ನೊಂದು ದಿನವಾಗಿದ್ದರೆ ಅದೇ ಬಿಂದಿಗೆ ರಾಮಲಿಂಗಯ್ಯನ ತಲೆಯ ಮೇಲಿರುತ್ತಿತ್ತು.

*

ದೊಡ್ಡಹನುಮಯ್ಯನಿಗೆ ಎರಡು ಕೆಲಸ. ದಿನವೂ ಮಾಡುತ್ತಿದ್ದುದು ರಾಮನಗರದಲ್ಲಿ, ಸಮದ್ ಸಾಹೇಬರ ನೂಲು ತೆಗೆಯುವ ಫಿಲೇಚರಿನಲ್ಲಿ ರೇಷ್ಮೆಗೂಡು ಬೇಯಿಸುವುದು. ಸಾವು ಬಂದ ದಿನ ದಾಸಯ್ಯನ ಕೆಲಸ. ಸುದ್ದಿ ಬಂದರೆ ಕೈ ಒರೆಸಿಕೊಂಡು, "ಸಾಹೇಬ್ರೇ, ಯಾರೋ ಹೊಂಟವ್ರೆ. ಒಸಿ ದೂರ ಕಳಿಸ್ಬುಟ್ ಬತ್ತೀನಿ" ಅನ್ನುತ್ತಿದ್ದ. ಸಮದ್ ಒಂದು ದಿನವೂ ಕೂಲಿ ಮುರಿಯಲಿಲ್ಲ.

ಬಿಸಿನೀರಿನ ಆವಿ, ಸತ್ತ ಹುಳುವಿನ ನಾತ, ಸೌದೆಯ ಹೊಗೆ ಎಲ್ಲವನ್ನೂ ವರ್ಷಗಟ್ಟಲೆ ಕುಡಿದ ಎದೆ ಒಂದು ದಿನ ಕೈಕೊಟ್ಟಿತು. ಒಂದು ಹೆಣದ ಮುಂದೆ ಶಂಖ ಎತ್ತಿ ಊದಿದರೆ ಬರಿಯ ಗಾಳಿ ಬಂತು. ಮತ್ತೆ ಊದಿದ. ಕಣ್ಣುಗುಡ್ಡೆ ಕೆಂಪಾದವೇ ಹೊರತು ಸದ್ದು ಬರಲಿಲ್ಲ.

ರಾಮನಗರ ಜಿಲ್ಲೆಯಾದ ಮರುವರ್ಷದ ಮಾತು ಇದು. ಎಂಟನೇ ಕ್ಲಾಸಿಗೇ ಶಾಲೆಗೆ ಕೈಮುಗಿದಿದ್ದ ಮನೋಹರ ಬಿಡದಿಯ ಒಂದು ಕಾರ್ಖಾನೆಯಲ್ಲಿ ಕಂಟ್ರಾಕ್ಟ್ ಕೂಲಿಯಾಗಿದ್ದ. ಆಗಷ್ಟೇ ಹಾಡಿನ ಫೋನು ಕೊಂಡಿದ್ದ. ಆ ಫೋನಿನೊಳಗೇ ಒಂದು ಹಾಡಿನ ಅಂಗಡಿ ಇತ್ತು. ಬೇಕಾದ್ದನ್ನು ಆರಿಸಿ ಒತ್ತಿದರೆ ಕರೆನ್ಸಿಯಲ್ಲಿ ಹಣ ಮುರಿದುಕೊಂಡು ಹಾಡು ಇಳಿಯುತ್ತಿತ್ತು. ಸಿನಿಮಾ ಹಾಡು, ಭಕ್ತಿಗೀತೆಗಳ ನಡುವೆ ಬರಿಯ ಶಂಖನಾದವೂ ಇತ್ತು. ಆದರೆ ಊರಿನಲ್ಲಿ ಅಲ್ಲಿ ಹೋಗಿ ಕೊಳ್ಳುವ ಪೆದ್ದ ಯಾರು? ರಾಮನಗರ ಬಸ್‌ಸ್ಟಾಂಡಿನ ಹಿಂದೆ ಮೊಬೈಲ್ ಅಂಗಡಿ ಇಟ್ಟಿದ್ದ ಅನಂತರಾಜು, ಒಂದು ಕಾಫಿಯ ದುಡ್ಡಿಗೆ ಮೆಮೊರಿ ಕಾರ್ಡು ತುಂಬ ಕದ್ದ ಹಾಡು ತುಂಬಿಕೊಡುತ್ತಿದ್ದ. ಅಪ್ಪನ ಉಸಿರಿನ ಬದಲು ಊದಿಸಲು ಶಂಖನಾದ ತರುತ್ತೇನೆಂದು ಮನೋಹರ ಅಲ್ಲಿಗೇ ಹೊರಟಿದ್ದ.

ಅಪ್ಪ ತಡೆದ. "ಶಂಖನ ಪುಕ್ಸಟ್ಟೆ ಈಸ್ಕಬಾರ್ದು, ಕದೀಬಾರ್ದು. ನಮ್ಮಪ್ಪ ಕಾಸ್ ಕೊಟ್ಟೇ ತಂದಿದ್ದು. ನೀನೂ ಕಾಸ್ ಕೊಟ್ಟು ತಗ."

ಕಾಸು ಕೊಟ್ಟೇ ಕೊಂಡರು. ಫೋನಿಗೆ ಸಣ್ಣದೊಂದು ಸ್ಪೀಕರ್ ಪೆಟ್ಟಿಗೆ ಸಿಕ್ಕಿಸಿದರು. ದೊಡ್ಡಹನುಮಯ್ಯ ಅದನ್ನು ಯಾರಿಂದಲೂ ಮುಚ್ಚಿಡಲಿಲ್ಲ. ಸಾವಿನ ಮನೆಗೆ ಹೋದರೆ ಮೊದಲು ಮನೆಯವರಿಗೆ ಹೇಳುತ್ತಿದ್ದ, ನನ್ನ ಉಸಿರು ಮುಗೀತು, ಇದರಲ್ಲಿ ಊದಿಸ್ತೀನಿ, ಒಪ್ಪಿಗೆಯಾದರೆ ಸರಿ, ಇಲ್ಲವಾದರೆ ಲಿಂಗಯ್ಯನ್ನ ಕರೆಸಿ ಅಂತ. ಮಡಿಸಿದ ಟವೆಲಿನ ಮೇಲೆ ಫೋನಿಟ್ಟು, ಶಂಖಕ್ಕೆ ಮಾಡುವಂತೆಯೇ ಅದಕ್ಕೂ ಕೈಮುಗಿದು ಗುಂಡಿ ಒತ್ತುತ್ತಿದ್ದ. ಜನ ಮೊದಮೊದಲು ಮುಖ ಮುಖ ನೋಡಿಕೊಂಡರು, ಆಮೇಲೆ ಒಪ್ಪಿದರು. ಗಂಡನನ್ನು ಕಳೆದುಕೊಂಡ ದೊಡ್ಡಲಕ್ಷ್ಮಮ್ಮ ಅಳುತ್ತ ಅಳುತ್ತಲೇ ಅಂದಿದ್ದಳು. "ನಮ್ಮನೇರು ಬದುಕಿರಗಂಟ ಯಾರೂ ಒಂದ್ ಫೋನ್ ಮಾಡ್ನಿಲ್ಲ. ಹೋಗೋವಾಗಾದ್ರೂ ಒಂದ್ ಬರ್ಲಿ ಬುಡಣ್ಣ."

*

ಅರಿಸಿನ ನೀರಲ್ಲಿ ಮೀಯಿಸಿ, ನಾಮ ಇಟ್ಟು, ಹೆಣವನ್ನು ಚಟ್ಟದ ಮೇಲೆ ಮಲಗಿಸಿದ್ದಾಯಿತು. ಬಿಸಿಲು ಏರುತ್ತಿತ್ತು. ಬೇಲಿಯ ಬಳಿ ಚಪ್ಪಲಿ ಬಿಟ್ಟು ನಿಂತಿದ್ದ ಸಮದ್, ಇಂಥ ಹೊತ್ತಲ್ಲಿ ಜಗಳ ಬೇಡ ಅಂತ ಒಂದೆರಡು ಮಾತಾಡಿ ನೋಡಿದ. ಹಿರಿಯರು ಗುಂಪು ಕೂಡಿ ಪಿಸುಗುಟ್ಟಿದರು. ರಾಮಲಿಂಗಯ್ಯನನ್ನು ಎದುರು ಹಾಕಿಕೊಳ್ಳುವ ಎದೆ ಅವರಲ್ಲಿ ಒಬ್ಬನಿಗೂ ಇರಲಿಲ್ಲ. ಒಬ್ಬನ ಮಗ ಅವನು ಕೊಡಿಸಿದ ಕೆಲಸದಲ್ಲಿದ್ದ, ಇನ್ನೊಬ್ಬನ ಜಮೀನಿನ ಕಾಗದ ಅವನ ಕೈಯಲ್ಲಿತ್ತು. ಕೊನೆಗೆ ಒಂದು ದಾರಿ ಹುಡುಕಿದರು. ಅಪ್ಪ ಮಾಡಿದ್ದು ಮೋಸ, ತಪ್ಪಾಯ್ತು ಅಂತ ಮಗ ಎಲ್ಲರ ಮುಂದೆ ಒಂದು ಮಾತು ಅಂದರೆ ಸಾಕು, ಶಂಖ ಊದಲಿ.

"ಅನ್ಲಿ," ಅಂದ ರಾಮಲಿಂಗಯ್ಯ. "ನಾನೇನ್ ಹೆಣದ ಮ್ಯಾಲ್ ಹಗೆ ಸಾಧ್ಸೋನಲ್ಲ."



*

ಹೋದ ವರ್ಷ ರಾಮಲಿಂಗಯ್ಯನ ತಾಯಿ ತೀರಿಕೊಂಡಾಗ, ಹೊತ್ತು ಮೂಡುವ ಮೊದಲೇ ಅವನೇ ಈ ಮನೆಗೆ ಬಂದಿದ್ದ. ದೊಡ್ಡಹನುಮಯ್ಯ ಎಲ್ಲರಿಗೂ ಹೇಳಿದಂತೆ ಅವನಿಗೂ ಹೇಳಿದ್ದ. ಗೌಡ್ರೆ, ನಿಮ್ಮದು ದೊಡ್ಡ ಮನೆ, ಲಿಂಗಯ್ಯನ್ನ ಕರೆಸಿ ಅಂತ. ಒಲೆಯ ಮುಂದೆ ಕೂತಿದ್ದ ಸಿದ್ದಮ್ಮ, ಬಾಗಿಲಲ್ಲಿ ಹಲ್ಲುಜ್ಜುತ್ತಿದ್ದ ಮನೋಹರ, ಇಬ್ಬರೂ ಕೇಳಿಸಿಕೊಂಡಿದ್ದರು.

ರಾಮಲಿಂಗಯ್ಯ ಒಪ್ಪಲಿಲ್ಲ. ನಮ್ಮ ಮನೆ ಸಾವಿಗೆ ಪರ ಊರಿನ ದಾಸಯ್ಯ ಬಂದರೆ ಮರ್ಯಾದೆ ಏನು ಉಳೀತು ಅಂದ. ಬೆಂಗಳೂರಿನಿಂದ ಕಂಪನಿಯವರು ಕಾರಿನಲ್ಲಿ ಬರುತ್ತಾರೆ, ಅವರ ಮುಂದೆ ಟವೆಲಿನ ಮೇಲೆ ಫೋನಿಟ್ಟುಕೊಂಡು ಕೂರೋದೂ ಬೇಡ ಅಂದ. ಆಮೇಲೆ ದನಿ ತಗ್ಗಿಸಿದ.

"ಫೋನ್ನ ಶಾಲೊಳಗ್ ಮಡಿಕೊ. ಶಂಖನ ಬಾಯಿಗ್ ಹಿಡ್ಕೊ. ಯಾರ್ ಬಗ್ಗಿ ನೋಡಾರು?"

ತಾಯಿಯನ್ನು ಕಳೆದುಕೊಂಡವನು ಬಾಗಿಲಿಗೆ ಬಂದು ಕೇಳುತ್ತಿದ್ದಾನೆ. ದೊಡ್ಡಹನುಮಯ್ಯ ಹೂಂ ಅಂದ.

ಮನೆಯ ಮುಂದೆ ಮಗ್ಗುಲಲ್ಲೇ ಜನ ಕಿಕ್ಕಿರಿದಿದ್ದರಿಂದ ಜಾಗಟೆಯಲ್ಲೇ ಸರಿದೂಗಿಸಿ, ದಾರಿ ನಡುವೆ ಚಟ್ಟ ಇಳಿಸಿದಾಗ ಶಂಖವನ್ನು ತುಟಿಗಿಟ್ಟುಕೊಂಡು ಶಾಲಿನೊಳಗೆ ಗುಂಡಿ ಒತ್ತಿದ. ಸದ್ದಿಲ್ಲ. ಮತ್ತೆ ಒತ್ತಿದ. ಜನ ಕಾದರು. ಕಾರಿನವರೂ ಕಾದರು. ಬೆವರಿದ ಕೈಯಿಂದ ಫೋನು ಜಾರಿ, ಸ್ಪೀಕರ್ ಪೆಟ್ಟಿಗೆಯ ಸಮೇತ ದೂಳಿಗೆ ಬಿತ್ತು.

ಎಲ್ಲರ ಮುಂದೆ ಅವನನ್ನು ಕಳ್ಳ, ಮೋಸಗಾರ, ಸತ್ತ ತಾಯಿಗೆ ಬಗೆದ ದ್ರೋಹಿ ಅಂತ ಉಗಿದವನು ರಾಮಲಿಂಗಯ್ಯನೇ. ದೊಡ್ಡಹನುಮಯ್ಯ ಬಗ್ಗಿ ಫೋನು ಎತ್ತಿಕೊಂಡು ಒರೆಸಿದ. ಬಾಯಿ ಬಿಡಲಿಲ್ಲ.

ಮಾರನೆಯ ದಿನ ಮನೋಹರ ಕೆಲಸಕ್ಕೆ ರಜೆ ಹಾಕಿ ಅನಂತರಾಜುವಿನ ಅಂಗಡಿಗೆ ಹೋದ. ಫೋನಿನಲ್ಲಿ ಶಂಖನಾದದ ಹೆಸರು ಹಾಗೆಯೇ ಇತ್ತು. ಒತ್ತಿದರೆ ಇಂಗ್ಲಿಷಿನಲ್ಲಿ ಏನೋ ಎರಡು ಸಾಲು ಬರುತ್ತಿತ್ತು, ಅಷ್ಟೆ. ಅನಂತರಾಜು ಓದಿ ನಿಟ್ಟುಸಿರು ಬಿಟ್ಟ.

"ನೀನ್ ಕೊಂಡಿದ್ದು ಹಾಡಲ್ಲ ಕಣ್ಲಾ, ಕೇಳಕೆ ಪರ್ಮಿಷನ್ನು. ತಿಂಗ್ಳು ತಿಂಗ್ಳು ನಿನ್ ಫೋನು ಅವರ ಕಂಪ್ಯೂಟ್ರನ್ನ ಕೇಳ್ತದೆ, ಅದು ಹೂಂ ಅಂತದೆ. ಈಗ ಆ ಅಂಗ್ಡಿನೇ ಮುಚ್ಕೊಂಡ್ ಹೋಗವ್ರೆ. ಹೂಂ ಅನ್ನಕೆ ಯಾರವ್ರೆ?"

"ನಾನ್ ಕಾಸ್ ಕೊಟ್ಟಿವ್ನಿ."

"ಕೊಟ್ಟಿದ್ಕೇ ಹೋಯ್ತು. ಕದ್ದೋರ್ದೆಲ್ಲ ಹಂಗೇ ಐತೆ ನೋಡು."

ಅಂಗಡಿ ಮುಚ್ಚುವ ಸುದ್ದಿಯನ್ನು ಇಂಟರ್‌ನೆಟ್ಟಿನಲ್ಲಿ ಹಾಕಿದ್ದರಂತೆ. ಕೂಟಗಲ್ ಸುತ್ತಿನ ಈ ಹಳ್ಳಿಗೆ ಬಂದು ಡಂಗುರ ಹೊಡೆದವರು ಯಾರೂ ಇರಲಿಲ್ಲ. ಕಂಡವರ ಜೇಬಿಗೆ ಕೈ ಹಾಕಿ, ಅವರು ಕಾಸು ಕೊಟ್ಟು ಕೊಂಡ ವಸ್ತುವನ್ನು ವಾಪಸು ಕಿತ್ತುಕೊಂಡು ಹೋದವನನ್ನು ಹಳ್ಳಿಯಲ್ಲಿ ಕಂಬಕ್ಕೆ ಕಟ್ಟುತ್ತಾರೆ. ಈ ಹಾಡಿನ ಅಂಗಡಿಯವರನ್ನು ಕಟ್ಟುವುದಿರಲಿ, ನೋಡಲಿಕ್ಕೂ ಮುಖವಿಲ್ಲ. ಅನಂತರಾಜು ಅದೇ ಶಂಖನಾದದ ಕಳ್ಳ ಕಾಪಿಯೊಂದನ್ನು ಕಾರ್ಡಿಗೆ ಹಾಕಿಕೊಟ್ಟ. ಮನೋಹರ ಮನೆಗೆ ತಂದ. ಅಪ್ಪ ಕೇಳಿಸಿಕೊಳ್ಳಲೂ ಇಲ್ಲ, ಅಳಿಸಿ ಹಾಕಿಸಿದ.

ಹಾಗಾದರೆ ರಾಮಲಿಂಗಯ್ಯನ ಬಂಡವಾಳವನ್ನಾದರೂ ಊರ ಮುಂದೆ ಬಿಚ್ಚುತ್ತೇನೆ ಅಂತ ಮಗ ಎದ್ದು ನಿಂತ. ದೊಡ್ಡಹನುಮಯ್ಯ ಅವನ ಮೊಣಕೈ ಹಿಡಿದು ಕೂರಿಸಿದ. ಮಾತಿನ ನಡುವೆ ಉಸಿರು ಹುಡುಕುತ್ತ ಹುಡುಕುತ್ತ ಹೇಳಿದ.

"ದಾಸಯ್ಯ ಅಂದ್ರೆ ಸತ್ತೋರ ಮನೆ ಒಳಕ್ಕೆ ಹೋಗೋನು. ಅಲ್ಲಿ ಅಳೋರ್ನೂ ನೋಡ್ತೀನಿ, ಹೆಣದ್ ಮುಂದೆ ಓಲೆ ಜುಮುಕಿಗೆ ಕಿತ್ತಾಡೋರ್ನೂ ನೋಡ್ತೀನಿ. ಅದ್ನೆಲ್ಲ ಆಚೆಗ್ ಹಾಕಿದ್ರೆ ನಾಳೆ ಯಾರ್ ಒಳಕ್ ಬುಟ್ಕತಾರೆ? ಅವತ್ತು ಅವನ್ ತಾಯಿ ಸತ್ತಿದ್ಲು. ನೀನೂ ಆಡಕೂಡ್ದು. ನಾನ್ ಸತ್ ಮ್ಯಾಕೂ."

ಆ ದಿನದಿಂದ ಯಾವ ಸಾವಿನ ಮನೆಯಿಂದಲೂ ಅವನಿಗೆ ಕರೆ ಬರಲಿಲ್ಲ.

*

ಲಿಂಗಯ್ಯ ಜಗಲಿ ಇಳಿದು ಮನೋಹರನ ಎದುರಿಗೆ ಬಂದ.

"ಮಗ, ತಪ್ಪಾಯ್ತು ಅನ್ನೋದು ಬ್ಯಾಡ. ನಿಮ್ಮಪ್ಪನ್ನ ನಾನು ಬಲ್ಲೆ. ಎಲ್ಲಾರ್ ಮನೇಲೂ ಹೇಳಿ ಮಾಡ್ದೋನು ಅವತ್ತೊಂದಿನ ಫೋನ್ನ ಯಾಕ್ ಬಚ್ಚಿಟ್ಟ? ಯಾರ್ ಮಾತಿಗೆ ಬಚ್ಚಿಟ್ಟ? ಅದೊಂದ್ ಹೇಳ್ಬುಡು. ಯಾರ್ ಎದುರಾದ್ರೂ ಆಗ್ಲಿ, ಊದ್ತೀನಿ."

ಬಾಗಿಲಲ್ಲಿ ಸಿದ್ದಮ್ಮ ನಿಂತಿದ್ದಳು. "ಹೇಳು ಮಗ," ಅಂದಳು.

ಮನೋಹರ ರಾಮಲಿಂಗಯ್ಯನ ಕಡೆ ನೋಡಿದ. ರಾಮಲಿಂಗಯ್ಯನ ಕೈ ಕಾಲರಿನ ಗುಂಡಿಗೆ ಹೋಯಿತು. ಬೆಳಗಿನಿಂದ ಅಂಗಳವನ್ನೆಲ್ಲ ಆಳುತ್ತಿದ್ದ ಕಣ್ಣು ಮೊದಲ ಸಲ ಕೆಳಗಿಳಿದು ತನ್ನದೇ ಚಪ್ಪಲಿಯನ್ನು ನೋಡಿತು. ಒಂದು ಹೆಸರು ಸಾಕಿತ್ತು. ಹೇಳಿದರೆ ಶಂಖ ಮೊಳಗುತ್ತಿತ್ತು, ಅವ್ವನ ಎದೆ ತಣ್ಣಗಾಗುತ್ತಿತ್ತು, ಈ ಬಿಳಿ ಅಂಗಿ ಇದೇ ಮಣ್ಣಲ್ಲಿ ಹೊರಳುತ್ತಿತ್ತು. ಆ ಹೆಸರು ನಾಲಿಗೆಯ ಮೇಲೇ ಇತ್ತು, ಕೆಂಡದ ಹಾಗೆ. ಪಕ್ಕದಲ್ಲಿ ಅಪ್ಪ ಬಾಯಿ ಮುಚ್ಚಿ ಮಲಗಿದ್ದ.

ಮನೋಹರ ಬಗ್ಗಿ, ಹಗ್ಗದ ಜೋಲಿಯಲ್ಲಿದ್ದ ಬೆಂಕಿ ಮಡಕೆಯನ್ನು ಎತ್ತಿಕೊಂಡ. ಲಿಂಗಯ್ಯನನ್ನು ಬಳಸಿ, ರಾಮಲಿಂಗಯ್ಯನ ಮಗ್ಗುಲಿಂದಲೇ, ಏನೂ ಅನ್ನದೆ ನಡೆದುಬಿಟ್ಟ.

ಹೊರುವವರು ಒಬ್ಬರನ್ನೊಬ್ಬರು ನೋಡಿಕೊಂಡು ಚಟ್ಟಕ್ಕೆ ಹೆಗಲು ಕೊಟ್ಟರು. ಸಿದ್ದಮ್ಮ ಏನೋ ಹೇಳಲು ತೆರೆದ ಬಾಯಿಗೆ ತಾನೇ ಸೆರಗು ತುರುಕಿಕೊಂಡಳು. ಲಿಂಗಯ್ಯ ಶಂಖವನ್ನು ಬಿಚ್ಚಲಿಲ್ಲ, ಕಂಕುಳಲ್ಲಿಟ್ಟುಕೊಂಡು ಹಿಂದೆ ಹೊರಟ. ಹೆಣ ಶಂಖದ ಸದ್ದಿಲ್ಲದೆ ಹೊಸ್ತಿಲ ಮುಂದಿನ ಮಣ್ಣು ದಾಟಿತು.

ರಾಮಲಿಂಗಯ್ಯ ಅಂಗಳದ ನಡುವೆ ನಿಂತೇ ಇದ್ದ. ಜನ ಅವನ ಎರಡೂ ಮಗ್ಗುಲಲ್ಲಿ ಹರಿದು ಹೋದರು, ಯಾರೂ ಮಾತಾಡಿಸಲಿಲ್ಲ. ದೊಡ್ಡಲಕ್ಷ್ಮಮ್ಮ ಮಡಿಲಿನಿಂದ ಹಿಡಿಹಿಡಿಯಾಗಿ ತೆಗೆದು ಚಟ್ಟದ ಮೇಲೆ ತೂರುತ್ತಿದ್ದ ಕಡಲೆಪುರಿ, ಗಾಳಿಗೆ ಹಾರಿ ಅವನ ತಲೆಯ ಮೇಲೆ, ಇಸ್ತ್ರಿ ಮುರಿಯದ ಹೆಗಲ ಮೇಲೆ ಬಂದು ಕೂತಿತು. ಹೆಣದ ಪುರಿ ಮೈಮೇಲೆ ಬಿದ್ದರೆ ಯಾರಾದರೂ ಹೌಹಾರಿ ಕೊಡವಿಕೊಳ್ಳುತ್ತಾರೆ. ಅವನು ಕೊಡವಿಕೊಳ್ಳಲಿಲ್ಲ.