ಗೊತ್ತಿದ್ದವರು ಬಲಗೈ

ಮೃತ್ಯುಂಜಯನಿಗೆ ಕಂಪ್ಯೂಟರ್ ಕೋಡ್ ಬರೆಯಲು ಬರುತ್ತಿರಲಿಲ್ಲ. ತೊಂಬತ್ತೊಂಬತ್ತನೇ ಇಸವಿಯ ನ್ಯೂಜೆರ್ಸಿಯ ಪ್ಲೇನ್ಸ್‌ಬರೋದಲ್ಲಿ ಇದು ಬಟ್ಟೆಯಿಲ್ಲದೆ ಬೀದಿಗಿಳಿದ ಹಾಗೆ. ಅವನ ಅಪಾರ್ಟ್‌ಮೆಂಟಿನ ಕೆಳಗಡೆ ಇತಿಹಾಸದಲ್ಲಿ ಎಂ.ಎ. ಮಾಡಿದವನು ಕೋಬಾಲ್ ಬರೆಯುತ್ತಿದ್ದ; ಎದುರುಮನೆಯ ದನದ ಡಾಕ್ಟರು ಬ್ಯಾಂಕೊಂದರ ಡೇಟಾಬೇಸ್ ಕಾಯುತ್ತಿದ್ದ. ಎರಡು ಸಾವಿರನೇ ಇಸವಿ ಹುಟ್ಟಿದರೆ ಕಂಪ್ಯೂಟರುಗಳೆಲ್ಲ ಕೆಟ್ಟು ನಿಲ್ಲುತ್ತವೆಂಬ ವೈ ಟು ಕೆ ಭಯದಲ್ಲಿ ಅಮೆರಿಕ ನಡುಗುತ್ತಿತ್ತು. ಹತ್ತಿರದ ಎಡಿಸನ್ನಿನಲ್ಲಿ ಸೀರೆ ಅಂಗಡಿಯ ಮಹಡಿಯ ಮೇಲಿನ ಕಂಪ್ಯೂಟರ್ ಕ್ಲಾಸಿನಲ್ಲಿ ಕೆಲವು ವಾರ ಕೂತು ಎದ್ದವರಿಗೆಲ್ಲ ನೌಕರಿ ಸಿಗುತ್ತಿತ್ತು. ಮೃತ್ಯುಂಜಯನೂ ಅಲ್ಲಿ ಎರಡು ಸಲ ಕೂತು ಎದ್ದ. ಎರಡು ಸಲವೂ ಇಂಟರ್‌ವ್ಯೂದಿಂದ ಬೆವರು ಒರೆಸಿಕೊಂಡು ಹೊರಬಂದ.

ಗದಗದ ಲೋಕೋಪಯೋಗಿ ಇಲಾಖೆಯಲ್ಲಿ ಅವನು ಅಸಿಸ್ಟೆಂಟ್ ಎಂಜಿನಿಯರ್ ಆಗಿದ್ದವನು. ಜೀಪಿತ್ತು, ಜೀಪಿನ ಬಾಗಿಲು ತೆಗೆಯುವವನೂ ಇದ್ದ. ಹೆಂಡತಿ ಸುಪ್ರಿಯಾಳನ್ನು ನ್ಯೂಜೆರ್ಸಿಯ ಕಂಪನಿಯೊಂದು ಕರೆದಾಗ ಅವಳ ವೀಸಾದ ಬಾಲ ಹಿಡಿದುಕೊಂಡು ಬಂದ. ಗ್ರೀನ್ ಕಾರ್ಡ್ ಬರುವ ತನಕ ಕೆಲಸ ಮಾಡುವಂತಿರಲಿಲ್ಲ. ಬಂದ ಮೇಲೆ ಮಾಡಲು ಕೆಲಸವಿರಲಿಲ್ಲ. ಎಂಜಿನಿಯರಿಂಗ್ ಆಫೀಸಿನವರು ಇಲ್ಲಿನ ಲೈಸೆನ್ಸ್ ಕೇಳಿದರು. ಅವನು ಅನ್ನಕ್ಕಿಟ್ಟು, ಸಾರು ಕುದಿಸಿ, ಹೆಂಡತಿಯ ಕಾರು ಬರುವ ದಾರಿ ನೋಡುತ್ತ, ಇಡೀ ಸಮುಚ್ಚಯದಲ್ಲಿ ತನ್ನೊಬ್ಬನಿಗೇ ನಿಜವಾದ ವಿದ್ಯೆಯಿದೆ ಎಂದು ನಂಬಿಕೊಂಡಿದ್ದ.

ಆಲ್ಟರ್ನೇಟ್ ರೂಟ್ ಎಂಬುದನ್ನು ಹುಡುಕಿ ತಂದವಳು ಸುಪ್ರಿಯಾ. ಶಾಲೆಗಳಲ್ಲಿ ಗಣಿತ ಕಲಿಸುವವರಿಲ್ಲ, ಕಲಿತವರೆಲ್ಲ ಕಂಪ್ಯೂಟರಿಗೆ ಓಡಿದ್ದಾರೆ. ಹಾಗಾಗಿ ಸರ್ಕಾರ ಒಂದು ಅಡ್ಡದಾರಿ ಮಾಡಿದೆ. ಡಿಗ್ರಿ ಇರಬೇಕು, ಒಂದು ಪರೀಕ್ಷೆ ಪಾಸಾಗಬೇಕು, ಯಾವುದಾದರೂ ಶಾಲೆ ಕರೆದು ಕೆಲಸ ಕೊಡಬೇಕು. ಹಗಲು ಪಾಠ ಹೇಳುತ್ತ ಸಂಜೆ ಪಾಠ ಹೇಳುವುದನ್ನು ಕಲಿಯಬೇಕು. ವರ್ಷದಲ್ಲಿ ಮೂರು ಸಲ ಪ್ರಿನ್ಸಿಪಾಲ್ ಹಿಂದಿನ ಸಾಲಿನಲ್ಲಿ ಕೂತು ನೋಡುತ್ತಾರೆ. ಅವರು ಒಪ್ಪಿದರೆ ಕಾಯಂ ಸರ್ಟಿಫಿಕೇಟು. ಬೇಡವೆಂದರೆ ದಾರಿ ಅಲ್ಲಿಗೇ ಮುಗಿಯಿತು.

"ಏನೂ ಸಿಗದವ ಬಿ.ಎಡ್. ಮಾಡ್ತಾನ," ಅಂದ ಮೃತ್ಯುಂಜಯ. "ಇದು ಬಿ.ಎಡ್. ಸುದ್ದಾ ಆಗಲಾರದವರ ದಾರಿ."

"ಹಂಗಾರ ನಿಮಗ ಬರೋಬ್ಬರಿ ಆತು ಬಿಡ್ರಿ," ಅಂದಳು ಸುಪ್ರಿಯಾ.

ಪರೀಕ್ಷೆ ಅವನಿಗೆ ನೀರು ಕುಡಿದಷ್ಟು ಸುಲಭವಾಯಿತು. ಟ್ರೆಂಟನ್ ಆಚೆಯ ಒಂದು ಬಡ ಊರಿನ ಶಾಲೆ, ಬೇರೆ ಯಾರೂ ಬರಲೊಪ್ಪದ ಶಾಲೆ, ಅವನನ್ನು ಏಳನೇ ತರಗತಿಗೆ ತೆಗೆದುಕೊಂಡಿತು. ತನ್ನ ಯೋಗ್ಯತೆ ನೋಡಿ ಕರೆದರೆಂದು ಅವನು ತಿಳಿದ.

ಸಂಜೆ ತರಗತಿಯಲ್ಲಿ ಅವನ ಜೊತೆ ದಿವಾಳಿಯೆದ್ದ ಹೂವಿನ ಅಂಗಡಿಯವನಿದ್ದ, ಪಾತ್ರ ಸಿಗದ ನಟಿಯಿದ್ದಳು, ನ್ಯೂಯಾರ್ಕಿನ ರೈಲಿಗೆ ಬೇಸತ್ತ ಅಕೌಂಟೆಂಟ್ ಇದ್ದ. ಎಲ್ಲರೂ ಸುತ್ತ ಕುರ್ಚಿ ಹಾಕಿಕೊಂಡು ಈ ವಾರ ಮಕ್ಕಳಿಂದ ತಾವೇನು ಕಲಿತೆವೆಂದು ಹೇಳಬೇಕು. ಗುತ್ತಿಗೆದಾರರ ಬಿಲ್ಲಿಗೆ ಸಹಿ ಹಾಕಿದ ಕೈಗೆ ಬಣ್ಣದ ಪೆನ್ನು ಕೊಟ್ಟು ಚಾರ್ಟ್ ಬರೆಯಲು ಹೇಳಿದರು. ಮೃತ್ಯುಂಜಯ ತನ್ನ ಸರದಿ ಬಂದಾಗ, ಮಕ್ಕಳಿಂದ ಕಲಿಯುವಂಥದ್ದು ತನಗೇನೂ ಕಾಣಲಿಲ್ಲ ಎಂದು ಹೇಳಿ ಕೂತ. ನಟಿ ಒಬ್ಬಳೇ ನಕ್ಕಳು, ತಮಾಷೆ ಮಾಡಿದನೆಂದು.

ಶಾಲೆಯಲ್ಲಿ ಅವನನ್ನು ತಿದ್ದಲು ಪಲುಂಬೊ ಎಂಬ ಹಳೆಯ ಗಣಿತದ ಮೇಷ್ಟ್ರನ್ನು ನೇಮಿಸಿದ್ದರು. ಮೊದಲು ಮಕ್ಕಳ ಹೆಸರು ಕಲಿ, ಆಮೇಲೆ ಗಣಿತ ಕಲಿಸು ಎಂದು ಆತ ಹೇಳಿದ. ಮೃತ್ಯುಂಜಯನಿಗೆ ಅದು ಬುದ್ಧಿವಂತರು ಹೇಳುವ ಮಾತೆನಿಸಲಿಲ್ಲ. ಅವನು ಮಕ್ಕಳನ್ನು ಕೂತ ಜಾಗದ ಮೇಲೆ ಕರೆಯುತ್ತಿದ್ದ: ಎರಡನೇ ಸಾಲು, ಮೂರನೆಯವನು, ನೀನು. ಅವರೂ ಅವನ ಹೆಸರಿನ ಗೊಡವೆಗೆ ಹೋಗದೆ ಮಿಸ್ಟರ್ ಎಂ ಅಂದರು. ಅವನು ಬೋರ್ಡಿಗೆ ಮುಖ ಮಾಡಿ ಬಲು ಚಂದದ ಅಕ್ಷರದಲ್ಲಿ ಬರೆಯುತ್ತಿದ್ದ. ಬೆನ್ನ ಹಿಂದೆ ಏನಾಗುತ್ತಿತ್ತೋ ಅದು ಅವನಿಗೆ ಸಂಬಂಧಿಸಿದ್ದಲ್ಲ. ಶೇಕಡಾ ಅಂದರೇನು ಎಂದು ತಿಳಿಯದ ಹನ್ನೆರಡು ವರ್ಷದ ಮಕ್ಕಳನ್ನು ಅವನು ಮನಸಾರೆ ತಿರಸ್ಕರಿಸಿದ. ತಿಳಿಸಬೇಕಾದವನು ತಾನೆಂಬುದು ನೆನಪಾದಾಗ ಇನ್ನಷ್ಟು ತಿರಸ್ಕರಿಸಿದ.

ಪ್ರಿನ್ಸಿಪಾಲ್ ಮಿಸೆಸ್ ಹಾಲೊವೇ ಎರಡು ಸಲ ಬಂದು ಕೂತರು. ಎರಡು ಸಲವೂ ಅವನ ಪ್ರಶ್ನೆಗೆ ಒಂದು ಕೈಯೂ ಏಳಲಿಲ್ಲ. ಗಣಿತ ಚೆನ್ನಾಗಿದೆ, ಆದರೆ ಕೋಣೆಯಲ್ಲಿ ಮಕ್ಕಳಿದ್ದಾರೆಂದು ನಿಮಗೆ ಗೊತ್ತಿರುವಂತೆ ಕಾಣುವುದಿಲ್ಲ ಎಂದರು. ಮೂರನೆಯ ಸಲ ಏಪ್ರಿಲ್‌ನಲ್ಲಿ ಬರುತ್ತೇನೆ, ತೀರ್ಮಾನ ಅವತ್ತಿನ ಮೇಲಿದೆ ಎಂದೂ ಹೇಳಿದರು.

ಆ ಭಾನುವಾರ ಹಿಲ್ಸ್‌ಬರೋದ ರಾಜಶೇಖರನ ಹೊಸ ಮನೆಯಲ್ಲಿ ಊಟ. ರಾಜಶೇಖರ ಇವನ ಜೊತೆ ಹೈಸ್ಕೂಲಿನಲ್ಲಿ ಕಾಪಿ ಹೊಡೆದು ಪಾಸಾದವನು; ಈಗ ಎರಡು ಗ್ಯಾರೇಜಿನ ಮನೆ, ಕಂಪನಿಯ ಷೇರು. ಬಾಗಿಲಲ್ಲೇ ಶುರುಮಾಡಿದ.

"ಬರ್ರಿ ಮಾಸ್ತರ. ಹುಡುಗೂರು ಹೆಂಗ ಅದಾವು?"

ಮೃತ್ಯುಂಜಯ ಕೈ ಏಳದ ಕತೆ ಹೇಳಿಕೊಂಡ. ರಾಜಶೇಖರ ರೊಟ್ಟಿ ಮುರಿಯುತ್ತಾ ನಕ್ಕ.

"ಇನ್‌ಸ್ಪೆಕ್ಟರ್ ಬಂದಾಗ ನಮ್ಮ ಸಾಲ್ಯಾಗ ಏನ್ ಮಾಡ್ತಿದ್ವಿ, ಮರತ್ಯೇನು? ಎಲ್ಲಾರೂ ಕೈ ಎತ್ತೂದು. ಗೊತ್ತಿದ್ದವರು ಬಲಗೈ, ಗೊತ್ತಿಲ್ಲದವರು ಎಡಗೈ. ಮಾಸ್ತರು ಬಲಗೈಯವರನ್ನಷ್ಟ ಎಬ್ಬಸ್ತಿದ್ರು. ಇನ್‌ಸ್ಪೆಕ್ಟರ್ ಖುಷ್."

ಅವನು ಹೇಳಿದ್ದು ನಗೆಗೆ. ಆದರೆ ಮಂತ್ರಿ ಬರುವ ಹಿಂದಿನ ದಿನ ರಸ್ತೆಗೆ ಟಾರು ಬಳಿಸಿ ಬಡ್ತಿ ಪಡೆದ ಮನುಷ್ಯನಿಗೆ ಅದು ನಗೆಯಾಗಿ ಕೇಳಲಿಲ್ಲ. ಇಷ್ಟು ದಿನ ಈ ಕೆಲಸದಲ್ಲಿ ತನ್ನ ಅನುಭವಕ್ಕೆ ಜಾಗವೇ ಇಲ್ಲವೆಂದು ಕೊರಗುತ್ತಿದ್ದ. ಜಾಗ ಸಿಕ್ಕಿತು.

ಮಕ್ಕಳಿಗೆ ಅವನು ಯೋಜನೆ ವಿವರಿಸಿದ. ವರ್ಷದಲ್ಲಿ ಮೊದಲ ಸಲ ಅವರು ಅವನ ಮಾತನ್ನು ಪೂರ್ತಿ ಕೇಳಿದರು. ಪಿಜ್ಜಾ ತರಿಸುವಿರಾ ಎಂದರು, ತರಿಸುತ್ತೇನೆಂದ. ಎರಡು ಸಲ ತಾಲೀಮು ನಡೆಸಿದ. ಇಪ್ಪತ್ತಾರು ಕೈ ಒಟ್ಟಿಗೆ ಏಳುವುದನ್ನು ನೋಡಿ, ಇವುಗಳಿಗೆ ಕಲಿಸಬಹುದು ಎಂಬ ವಿಶ್ವಾಸ ಅವನಿಗೆ ಬಂತು.

ಮಿಸೆಸ್ ಹಾಲೊವೇ ಬಂದು ಕೂತರು. ಮೊದಲ ಪ್ರಶ್ನೆಗೆ ಜೋಳದ ಹೊಲದಂತೆ ಕೈಗಳು ಎದ್ದವು. ಒಂದು ಬಲಗೈಯನ್ನು ಕರೆದ, ಉತ್ತರ ಸರಿ. ಇನ್ನೊಂದು ಪ್ರಶ್ನೆ, ಇನ್ನೊಂದು ಬಲಗೈ, ಸರಿ. ಪ್ರಿನ್ಸಿಪಾಲರ ಪೆನ್ನು ಓಡತೊಡಗಿತು. ಅಲ್ಲಿಗೇ ನಿಲ್ಲಿಸಿದ್ದರೆ ಅವನು ಇವತ್ತಿಗೂ ಮಾಸ್ತರನಾಗಿರುತ್ತಿದ್ದ. ಆದರೆ ತನ್ನ ಮಟ್ಟ ತೋರಿಸುವ ಆಸೆ ಹುಟ್ಟಿತು. ಒಂದು ಸಂಖ್ಯೆಯನ್ನು ಶೇಕಡಾ ಇಪ್ಪತ್ತು ಇಳಿಸಿ, ಬಂದದ್ದನ್ನು ಮತ್ತೆ ಶೇಕಡಾ ಇಪ್ಪತ್ತು ಏರಿಸಿದರೆ ಮೊದಲಿನ ಸಂಖ್ಯೆಯೇ ಸಿಗುತ್ತದೆಯೇ ಎಂದು ಕೇಳಿದ.

ಕೈಗಳೆಲ್ಲ ಎದ್ದವು. ಎಲ್ಲವೂ ಎಡಗೈ.

ಅವುಗಳ ನಡುವೆ ಒಂದು ಕೈ ಸುಮ್ಮನೆ ನಿಂತಿರಲಿಲ್ಲ. ಕಿಟಕಿ ಬದಿಯ ಯೆಸೆನಿಯಾ ಎಂಬ ಹುಡುಗಿ ಸೀಟಿನಿಂದ ಅರ್ಧ ಎದ್ದು, ಇನ್ನೊಂದು ಕೈಯಿಂದ ಮೊಣಕೈ ಆನಿಸಿಕೊಂಡು, ಎಡಗೈ ಬೀಸುತ್ತಿದ್ದಳು. ಮೃತ್ಯುಂಜಯ ಅದನ್ನು ನೋಡಿದ. ಗೊತ್ತಿಲ್ಲದಿರುವುದಕ್ಕೂ ಇಷ್ಟು ಉತ್ಸಾಹವೇ ಎಂದು ಅಸಹ್ಯಪಟ್ಟ. ಕಣ್ಣು ಬೇರೆಡೆ ತಿರುಗಿಸಿ, ಪ್ರಶ್ನೆಯನ್ನು ಮತ್ತೊಮ್ಮೆ ಓದಿದ. ಬಲಗೈ ಏಳಲಿಲ್ಲ. ಉತ್ತರವನ್ನು ತಾನೇ ಬೋರ್ಡಿಗೆ ಬರೆಯಲು ತಿರುಗಿದ.

ಹಿಂದಿನಿಂದ ಮಿಸೆಸ್ ಹಾಲೊವೇ ಯೆಸೆನಿಯಾಳನ್ನು ಹೆಸರು ಹಿಡಿದು ಕರೆದು, ನಿನ್ನ ಉತ್ತರವೇನು ಎಂದು ಕೇಳಿದರು.

ಸಿಗುವುದಿಲ್ಲ, ಕಡಿಮೆ ಬರುತ್ತದೆ ಎಂದಳು ಹುಡುಗಿ. ಇಳಿಸಿದ್ದು ದೊಡ್ಡದರಲ್ಲಿ, ಏರಿಸಿದ್ದು ಸಣ್ಣದರಲ್ಲಿ. ಮೃತ್ಯುಂಜಯ ಬರೆಯಲಿದ್ದದ್ದಕ್ಕಿಂತ ಅದು ಚುಟುಕಾಗಿತ್ತು. ಅಷ್ಟೊತ್ತು ಕೈ ಬೀಸಿದರೂ ನಿನ್ನನ್ನು ಯಾಕೆ ಕರೆಯಲಿಲ್ಲ ಎಂದು ಪ್ರಿನ್ಸಿಪಾಲ್ ಕೇಳಿದರು. ತರಗತಿ ಕಿಸಕ್ಕೆಂದಿತು. ಅವನ ಊರಿನಲ್ಲಾಗಿದ್ದರೆ ಇನ್‌ಸ್ಪೆಕ್ಟರ್ ಮುಂದೆ ಮಾಸ್ತರನ ಮಾನ ಕಳೆಯುವ ಹುಡುಗಿ ಹುಟ್ಟುತ್ತಿರಲಿಲ್ಲ. ಇವಳು ಮುಚ್ಚಿಡುವಂಥದ್ದೇನಿದೆ ಎಂಬಂತೆ ಹೇಳಿದಳು.

"ಎಡಗೈ ಅಂದ್ರೆ ಉತ್ತರ ಗೊತ್ತಿಲ್ಲ ಅಂತ. ನನಗೆ ಗೊತ್ತಿತ್ತು, ಖುಷಿಗೆ ಮರೆತು ನಾನು ಬರೆಯೋ ಕೈ ಎತ್ತಿಬಿಟ್ಟೆ."

ಮೃತ್ಯುಂಜಯನ ಊರಿನಲ್ಲಿ ಎಡಚರು ಇರಲಿಲ್ಲ. ಇದ್ದವರ ಗೆಣ್ಣಿನ ಮೇಲೆ ಎರಡನೇ ಇಯತ್ತೆಯೊಳಗೆ ಬೆತ್ತ ಬಿದ್ದು ಅವರೂ ಬಲಗೈಯವರಾಗಿದ್ದರು. ಹೀಗೊಂದು ಕೈ ಇರಬಹುದೆಂದು ಅವನಿಗೆ ಹೊಳೆದಿರಲೇ ಇಲ್ಲ.

ಆಫೀಸಿನಲ್ಲಿ ಅವನು ವಾದಿಸಿದ. ಇದು ಮಕ್ಕಳ ಸಂಕೋಚ ಬಿಡಿಸುವ ಒಂದು ಪದ್ಧತಿ, ನಮ್ಮ ದೇಶದಲ್ಲಿ ಬಹಳ ಹಿಂದಿನಿಂದ ಇದೆ ಎಂದ. ಮಿಸೆಸ್ ಹಾಲೊವೇ ಕೊನೆಯ ತನಕ ಕೇಳಿಸಿಕೊಂಡರು. ಅವರಿಗೆ ಮೋಸದ ಬಗ್ಗೆ ಹೆಚ್ಚು ಸಿಟ್ಟಿದ್ದಂತೆ ಕಾಣಲಿಲ್ಲ.

"ಸೆಪ್ಟೆಂಬರಿನಿಂದ ಆ ಹುಡುಗಿ ನಿಮ್ಮ ಎದುರಿಗೆ ಎಡಗೈಯಲ್ಲೇ ಬರೆಯುತ್ತಿದ್ದಾಳೆ," ಎಂದರು. "ನೀವು ಒಂದು ದಿನವಾದರೂ ಅವಳ ಕಡೆ ನೋಡಿದ್ದೀರಾ?"

ಮೃತ್ಯುಂಜಯ ಯಾವ ಕೈಯನ್ನೂ ಎತ್ತದೆ ಕೂತ. ಇವರಿಗೆ ಕಲಿಸುವ ಕೆಲಸ ಕೊಡಬಾರದು ಎಂದು ಪ್ರಿನ್ಸಿಪಾಲ್ ರಾಜ್ಯದ ಶಿಕ್ಷಣ ಇಲಾಖೆಗೆ ಬರೆದು ಕಳಿಸಿದರು. ಪಿಜ್ಜಾ ಬರಲಿಲ್ಲ. ಅದನ್ನೂ ಮಕ್ಕಳು ಪ್ರಿನ್ಸಿಪಾಲರಿಗೆ ಹೇಳಿದರು.

ಮನೆಯಲ್ಲಿ ಅವನು ಪಲುಂಬೊನನ್ನು ಬೈದ, ಸಂಜೆ ತರಗತಿಯ ನಟಿಯನ್ನು ಬೈದ, ಮೈಬಣ್ಣ ನೋಡಿ ಕಳಿಸಿದರೆಂದ. ಮಿಸೆಸ್ ಹಾಲೊವೇ ಅವನಿಗಿಂತ ಕಪ್ಪಗಿದ್ದಾರೆ ಎಂಬುದನ್ನು ಸುಪ್ರಿಯಾ ನೆನಪಿಸಿದ ಮೇಲೆ ಆ ಮಾತು ಬಿಟ್ಟ. ಅವಳು ಸಿಂಕಿನ ಮುಂದೆ ತನ್ನ ಊಟದ ಡಬ್ಬಿ ತೊಳೆಯುತ್ತಿದ್ದಳು. ಆ ಎಡಚ ಹುಡುಗಿಯಿಂದ ಹಾಳಾದೆ ಎಂದು ಮತ್ತೆ ಶುರುಮಾಡಿ, ಕೊನೆಗೆ ಹೆಂಡತಿಯನ್ನೇ ಕೇಳಿದ.

"ನೀನ ಹೇಳು, ಇದರಾಗ ತಪ್ಪು ಯಾರದು, ನಿನಗ ಗೊತ್ತೈತೇನು?"

ಸುಪ್ರಿಯಾ ಒದ್ದೆ ಬಲಗೈ ಎತ್ತಿ ತೋರಿಸಿ, ಮತ್ತೆ ಡಬ್ಬಿಗೆ ಕೈಹಾಕಿದಳು.

ಹೋದದ್ದು ಇಷ್ಟು: ಒಂದು ನೌಕರಿ, ಒಂದು ಸರ್ಟಿಫಿಕೇಟು, ಇಪ್ಪತ್ತಾರು ಮಕ್ಕಳ ಒಂದೊಂದು ವರ್ಷದ ಗಣಿತ.