ಎಡಗೆನ್ನೆಯ ಎರಡು ಮಿಲಿಮೀಟರ್

ಆಪರೇಷನ್ ಥಿಯೇಟರಿನಲ್ಲಿ ಸ್ಕ್ಯಾನ್ ತೆಗೆಯುವುದು ನನ್ನ ಕೆಲಸ. ಮಾತು ಬೆಳ್ಳಿ, ಮೌನ ಬಂಗಾರ ಎಂದು ಅಲ್ಲಿ ಎಲ್ಲರೂ ನನಗೇ ಹೇಳುತ್ತಾರೆ; ಹೇಳುವವರು ಮಾತ್ರ ಸುಮ್ಮನಿರುವುದಿಲ್ಲ.

ಆ ದಿನ ಮೇಜಿನ ಮೇಲಿದ್ದವಳು ಆರು ವರ್ಷದ ಹುಡುಗಿ. ಉಯ್ಯಾಲೆಯಿಂದ ಬಿದ್ದು ಎಡಗೆನ್ನೆಯ ಮೂಳೆ ಮುರಿದಿತ್ತು. ಬೆಳಿಗ್ಗೆ ಅವಳ ತಾಯಿ ನನ್ನ ಕೈಗೆ ಮಗಳ ಒಂದು ಹಳೆಯ ಫೋಟೊ ಕೊಟ್ಟು, "ಎಡಗಡೆ ಕೆನ್ನೆ ಒಂಚೂರು ಇಳಿದಿರತ್ತೆ, ಅವರಪ್ಪನ ಥರಾನೇ. ಅವರು ತೀರ್ಕೊಂಡು ಎರಡು ವರ್ಷ ಆಯ್ತು. ಅದೊಂದು ಹಾಗೇ ಉಳೀಲಿ ಮೇಡಂ," ಎಂದಿದ್ದರು. ಆಯ್ತಮ್ಮ ಎಂದೆ. ಫೋಟೊವನ್ನು ಫೈಲಿಗೆ ಸೇರಿಸಿದೆ. ಮಾತನ್ನು ಯಾರಿಗೂ ತಲುಪಿಸಲಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಅಂದುಕೊಂಡೆ.

ಮುರಿದ ಕಡೆಗೆ ನಮ್ಮಲ್ಲಿ ಸರಿಯಿರುವ ಕಡೆಯದೇ ಅಳತೆ. ಕಂಪ್ಯೂಟರ್ ಬಲಗೆನ್ನೆಯನ್ನು ಕನ್ನಡಿಯ ಬಿಂಬದಂತೆ ತಿರುಗಿಸಿ ಎಡಕ್ಕೆ ಗೆರೆ ಹಾಕಿಕೊಡುತ್ತದೆ. ಸರ್ಜನ್ ಮೂಳೆಯನ್ನು ಆ ಗೆರೆಗೆ ಎತ್ತಿ ಕೂರಿಸಿ ಸ್ಕ್ರೂ ಬಿಗಿದು, ಹೊಲಿಗೆ ಹಾಕುವ ಮೊದಲು ಸ್ಕ್ಯಾನ್ ಕೇಳಿದರು. ಎಲ್ಲರೂ ಕಿರಣ ತಡೆಯುವ ಸೀಸದ ಗಾಜಿನ ಹಿಂದೆ ಬಂದು ನಿಂತೆವು.

ಗೆರೆಗೆ ಗೆರೆ ಕೂತಿತ್ತು. "ಅಚ್ಚು ಹೊಯ್ದ ಹಾಗಿದೆ," ಎಂದರು ಸರ್ಜನ್. ನನ್ನ ಕಣ್ಣು ಮಾತ್ರ ಮುರಿದ ಜಾಗದಲ್ಲಿ ಉಳಿದಿದ್ದ ಎರಡು ಮಿಲಿಮೀಟರ್ ಸಂದಿಯ ಮೇಲೆ ನಿಂತಿತು. ಮೊದಲೇ ಇಳಿದಿದ್ದ ಕೆನ್ನೆಯನ್ನು ಗೆರೆಗಾಗಿ ಅಷ್ಟು ಮೇಲೆತ್ತಿದ್ದೆವು.

"ಸರ್, ಆ ಮಗೂಗೆ ಎರಡು ಕೆನ್ನೆ ಯಾವತ್ತೂ ಒಂದೇ ಸಮ ಇರ್ಲಿಲ್ಲ. ಅವರಮ್ಮ ಬೆಳಿಗ್ಗೇನೇ ಹೇಳಿದ್ರು. ನಾನೇ ನಿಮಗೆ ಹೇಳ್ಲಿಲ್ಲ."

"ಈಗ ಹೇಳ್ತಿದೀರಾ?"

"ಬೈಯೋದು ಆಮೇಲೆ ಬೈಯಿರಿ. ಮೊದ್ಲು ಸಂದಿ ನೋಡಿ."

ಅವರು ಫೋಟೊ ತರಿಸಿ ನೋಡಿದರು, ಸಂದಿ ನೋಡಿದರು, ಬಿಗಿದಿದ್ದ ಸ್ಕ್ರೂಗಳನ್ನು ಬಿಚ್ಚಿದರು. ಮೂಳೆಯನ್ನು ಕೆಳಗಿಳಿಸಿದಾಗ ಮುರಿದ ಅಂಚುಗಳು ತಾವಾಗಿಯೇ ಕೂಡಿಕೊಂಡವು. ಮಕ್ಕಳಿಗೆ ಒಂದು ಸ್ಕ್ಯಾನ್ ಹೆಚ್ಚಾದರೂ ನನಗೆ ಸಂಕಟ. ಎರಡನೆಯದನ್ನು ಆದಷ್ಟೂ ಕಡಿಮೆ ಕಿರಣದಲ್ಲಿ ತೆಗೆದೆ. ಈ ಸಲ ಕಂಪ್ಯೂಟರಿನ ಗೆರೆ ತಪ್ಪಿತ್ತು, ಮೂಳೆ ಸರಿಯಿತ್ತು.

ಸಂಜೆ ತಾಯಿಗೆ ಎಲ್ಲವನ್ನೂ ಹೇಳಿ ತಪ್ಪೊಪ್ಪಿಕೊಂಡೆ. ಮಗುವಿನ ಮುಖ ಊದಿಕೊಂಡು ಕೆನ್ನೆಯ ಗುರುತೇ ಸಿಗುತ್ತಿರಲಿಲ್ಲ. ಅವರು ಬೈಯಲಿಲ್ಲ, ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

"ಊತ ಇಳಿಯೋಕೆ ಎಷ್ಟು ದಿನ?"

"ಮೂರು ವಾರ ಆದ್ರೂ ಬೇಕಮ್ಮ. ಕಾಯಬೇಕು."

"ಕಾಯ್ತೀನಿ," ಎಂದರು, ಮಗಳ ಎಡಕ್ಕೆ ಕುರ್ಚಿ ಎಳೆದುಕೊಂಡು. "ಎರಡು ವರ್ಷದಿಂದ ಬಾಗಿಲು ಸದ್ದಾದ್ರೆ ಸಾಕು, ಅವರೇನೋ ಅಂತ ತಿರುಗಿ ನೋಡ್ತೀನಿ. ಬರೋದಿಲ್ಲ ಅಂತ ಗೊತ್ತಿದ್ದೂ. ಈ ಕೆನ್ನೆ ಬರತ್ತೆ ಅಂತ ಗೊತ್ತಿದ್ದು ಕಾಯೋದು ಏನು ಮಹಾ."